ಶಾಸನ ಎಂದರೆ ಕಲ್ಲೋ, ಬರಹವೋ? ಎರವಲು ಆಂಟಾಲಜಿ ಕೆಟ್ಟಾಗ ದೋಷ ಹುಡುಕುವ ಕೈಪಿಡಿ

ಹರ್ಮಿಟ್ ರೀಸನರ್ ಓಡಿಸಿದ ಕೂಡಲೇ ಪ್ರೊಟೆಜೆ ಪರದೆಯ ಮೇಲೆ ಒಂದೇ ಸಂದೇಶ: ಆಂಟಾಲಜಿ ಅಸಂಗತವಾಗಿದೆ. ಆಂಟಾಲಜಿ ಎಂದರೆ ಒಂದು ವಿಷಯದ ವಸ್ತುಗಳ ವರ್ಗಗಳನ್ನೂ ಅವುಗಳ ಸಂಬಂಧಗಳನ್ನೂ ಯಂತ್ರಕ್ಕೆ ಅರ್ಥವಾಗುವಂತೆ ಬರೆದ ಮಾದರಿ. ಅದನ್ನು ಬರೆಯುವ ತಂತ್ರಾಂಶ ಪ್ರೊಟೆಜೆ, ಅದರ ತರ್ಕ ಪರೀಕ್ಷಿಸಿ ತೀರ್ಮಾನ ತೆಗೆಯುವ ತಂತ್ರಾಂಶ ರೀಸನರ್. ಹತ್ತು ನಿಮಿಷ ಮೊದಲು ಎಲ್ಲವೂ ಸರಿಯಾಗಿತ್ತು. ನಾವು ಮಾಡಿದ್ದು ಇಷ್ಟೇ: ಕನ್ನಡ ಶಾಸನಗಳ ಪಟ್ಟಿಗಾಗಿ ಕಟ್ಟುತ್ತಿದ್ದ ಪುಟ್ಟ ಆಂಟಾಲಜಿಗೆ ಸಿಡಾಕ್ ಸಿಆರ್‌ಎಂ ಅನ್ನು ಇಂಪೋರ್ಟ್ ಮಾಡಿಕೊಂಡಿದ್ದೆವು. ವಸ್ತುಸಂಗ್ರಹಾಲಯಗಳ ಮಾಹಿತಿಯನ್ನು ಒಂದೇ ಚೌಕಟ್ಟಿಗೆ ತರಲು ಹುಟ್ಟಿದ ಮಾದರಿ ಅದು. 2006ರಲ್ಲಿ ಐಎಸ್‌ಒ 21127 ಎಂಬ ಅಂತರರಾಷ್ಟ್ರೀಯ ಮಾನಕವೂ ಆಯಿತು. ಇಷ್ಟು ವರ್ಷ ತಜ್ಞರು ತಿದ್ದಿ ತೀಡಿದ ಮಾದರಿ ಕೈಗೆ ಸಿಗುವಾಗ ಮೊದಲಿನಿಂದ ಬರೆಯುವುದು ವ್ಯರ್ಥ ಶ್ರಮ ಎಂದು ನಾನು ಇಂದಿಗೂ ನಂಬಿದ್ದೇನೆ. ಆದರೆ ಎರವಲು ತಂದದ್ದು ಬರಿಯ ಹೆಸರುಗಳಲ್ಲ, ಆ ಹೆಸರುಗಳ ಹಿಂದಿನ ನಿಯಮಗಳೂ ಬೆನ್ನಿಗೆ ಬರುತ್ತವೆ. ದೋಷಗಳಲ್ಲಿ ಹೆಚ್ಚಿನವು ಇದನ್ನು ಮರೆತ ಜಾಗದಲ್ಲೇ ಹುಟ್ಟುತ್ತವೆ.

ಶಾಸನದ ಕೆಲಸದಲ್ಲಿ ನಾನು ಎದುರಿಸಿದ ತೊಡಕುಗಳನ್ನೇ ಮುಂದಿಟ್ಟುಕೊಂಡು ಹುಡುಕುವ ಕ್ರಮವನ್ನು ಬರೆಯುತ್ತಿದ್ದೇನೆ. ನಿಮ್ಮ ವಿಷಯ ಬೆಳೆಯೋ ಔಷಧವೋ ಗ್ರಂಥಾಲಯವೋ ಆಗಿದ್ದರೂ ಕ್ರಮ ಇದೇ.

ಮೊದಲು ರೋಗ ಯಾವುದೆಂದು ಗುರುತಿಸಿ

ಆಂಟಾಲಜಿ ಕೆಟ್ಟಿದೆ ಎಂದು ಜನ ಹೇಳುವಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿರುತ್ತಾರೆ.

ಇಡೀ ಆಂಟಾಲಜಿ ಅಸಂಗತವಾಗುವುದು ಒಂದು. ಯಾವುದೋ ಒಂದು ವಸ್ತುವಿನ ಬಗ್ಗೆ ನಾವು ಹೇಳಿದ ಎರಡು ಮಾತು ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ ಎಂದು ಇದರ ಅರ್ಥ. ತರ್ಕದ ನಿಯಮದಂತೆ ಅಸಂಗತ ಹೇಳಿಕೆಗಳಿಂದ ಏನನ್ನು ಬೇಕಾದರೂ ಸಾಧಿಸಬಹುದು. ಹಾಗಾಗಿ ಈ ಸ್ಥಿತಿಯಲ್ಲಿ ರೀಸನರ್ ಕೊಡುವ ಬೇರೆ ಯಾವ ಉತ್ತರಕ್ಕೂ ಬೆಲೆಯಿಲ್ಲ. ಉಳಿದ ಕೆಲಸ ನಿಲ್ಲಿಸಿ ಮೊದಲು ಇದನ್ನೇ ಬಗೆಹರಿಸಬೇಕು.

ಎರಡನೆಯದು, ಆಂಟಾಲಜಿ ಸುಸಂಗತವಾಗಿದ್ದರೂ ಕೆಲವು ವರ್ಗಗಳು ಕೆಂಪು ಬಣ್ಣಕ್ಕೆ ತಿರುಗಿ ಶೂನ್ಯ ವರ್ಗದ ಕೆಳಗೆ ಹೋಗಿ ಕೂರುವುದು. ಆ ವರ್ಗಕ್ಕೆ ಸೇರುವ ವಸ್ತು ಜಗತ್ತಿನಲ್ಲಿ ಇರಲಾರದು ಎಂದರ್ಥ. ಆಂಟಾಲಜಿ ಬರೆಯುವ ಔಲ್ ಭಾಷೆಯನ್ನು ಕಲಿಯುವವರೆಲ್ಲ ನೋಡುವ ಮ್ಯಾಂಚೆಸ್ಟರ್‌ನ ಪಿಜ್ಜಾ ಆಂಟಾಲಜಿಯಲ್ಲಿ ಐಸ್‌ಕ್ರೀಮ್ ವರ್ಗವನ್ನು ಪಾಠಕ್ಕೆಂದೇ ಹೀಗೆ ಕೆಡಿಸಿ ಇಟ್ಟಿದ್ದಾರೆ. 'ಮೇಲೋಗರ ಇದೆ' ಎಂಬ ಪ್ರಾಪರ್ಟಿಯ, ಅಂದರೆ ಸಂಬಂಧದ, ಡೊಮೇನ್ ಪಿಜ್ಜಾ: ಆ ಸಂಬಂಧ ಯಾವುದಕ್ಕೆ ಇದೆಯೋ ಅದು ಪಿಜ್ಜಾ ವರ್ಗದ್ದು ಎಂದರ್ಥ. ಐಸ್‌ಕ್ರೀಮ್‌ಗೆ ಹಣ್ಣಿನ ಮೇಲೋಗರ ಇದೆ ಎಂದು ಬರೆದ ಕ್ಷಣ ಅದೂ ಪಿಜ್ಜಾ ಆಗಿಬಿಡುತ್ತದೆ. ಆದರೆ ಐಸ್‌ಕ್ರೀಮ್ ಪಿಜ್ಜಾ ಅಲ್ಲ ಎಂದೂ ಬರೆದಿದೆ. ಇಂಥ ವರ್ಗಕ್ಕೆ ಒಂದೇ ಒಂದು ವಸ್ತುವನ್ನು ಸೇರಿಸಿ ನೋಡಿ, ಇಡೀ ಕಡತ ಅಸಂಗತವಾಗುತ್ತದೆ. ವರ್ಗಗಳು ಮಾತ್ರ ಇದ್ದಾಗ ಚೆನ್ನಾಗಿದ್ದ ಆಂಟಾಲಜಿ ದತ್ತಾಂಶ ತುಂಬಿದ ಮೇಲೆ ಕುಸಿಯುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಮೂರನೆಯದೇ ಕಷ್ಟದ್ದು. ಎಚ್ಚರಿಕೆಯ ಸಂದೇಶ ಇರುವುದಿಲ್ಲ, ರೀಸನರ್ ತೃಪ್ತಿಯಿಂದ ಮುಗಿಸುತ್ತದೆ, ಆದರೆ ಉತ್ತರ ತಪ್ಪು. ಅಥವಾ ದತ್ತಾಂಶದಿಂದ ಉತ್ತರ ಕೇಳುವ ಸ್ಪಾರ್ಕಲ್ ಭಾಷೆಯ ಪ್ರಶ್ನೆಗೆ ಒಂದು ಸಾಲೂ ಬರುವುದಿಲ್ಲ. ಈ ಮೂರರಲ್ಲಿ ನನ್ನ ನಿದ್ದೆ ಕೆಡಿಸಿರುವುದು ಇದೊಂದೇ.

ರೀಸನರ್ ಬಗ್ಗೆಯೂ ಒಂದು ಮಾತು. ಎಲ್ಕ್ ಬಹಳ ವೇಗದ ರೀಸನರ್, ದೊಡ್ಡ ವೈದ್ಯಕೀಯ ಆಂಟಾಲಜಿಗಳಿಗೆ ಅದು ವರದಾನ. ಆದರೆ ಅದು ಔಲ್ 2ರ ಇಎಲ್ ಎಂಬ ಸೀಮಿತ ಭಾಗಕ್ಕೆ ಮಾಡಿದ್ದು. ಆ ಭಾಗದ ಆಚೆಗಿನ ನಿಯಮಗಳನ್ನು ಅದು ಎಚ್ಚರಿಕೆ ಕೊಟ್ಟು ಬದಿಗಿಡುತ್ತದೆ. ಎಲ್ಕ್ ಸುಮ್ಮನಿದೆ ಎಂದ ಮಾತ್ರಕ್ಕೆ ಕಡತ ಶುದ್ಧ ಎನ್ನಲಾಗದು. ದೋಷ ಹುಡುಕುವಾಗ ನಿಧಾನವಾದರೂ ಹರ್ಮಿಟ್‌ನಂಥ ಪೂರ್ಣ ರೀಸನರ್ ಬಳಸಿ.

ಯಾವ ಕಡತದಲ್ಲಿದೆ ದೋಷ?

ಇಂಪೋರ್ಟ್ ಸರಪಳಿಯಂತೆ ಎಳೆಯುತ್ತದೆ. ನೀವು ಒಂದನ್ನು ಕರೆದರೆ ಅದು ಕರೆದದ್ದೆಲ್ಲವೂ ಬರುತ್ತದೆ. ಪ್ರೊಟೆಜೆಯಲ್ಲಿ ನೇರ ಇಂಪೋರ್ಟ್‌ಗಳನ್ನೂ ಅವುಗಳ ಮೂಲಕ ಬಂದವನ್ನೂ ಬೇರೆಬೇರೆಯಾಗಿ ತೋರಿಸುವ ಪಟ್ಟಿ ಇದೆ. ಮೊದಲು ಅದನ್ನು ನೋಡಿ. ನಾವೇ ಕರೆಯದ ಅತಿಥಿ ಅಲ್ಲಿ ಸಿಗುವುದುಂಟು.

ಬಳಿಕ ಕಡತದ ಪ್ರತಿ ಮಾಡಿಕೊಂಡು ದತ್ತಾಂಶವನ್ನು ಪೂರ್ತಿ ತೆಗೆಯಿರಿ. ವರ್ಗ ಮತ್ತು ಪ್ರಾಪರ್ಟಿಗಳು ಮಾತ್ರ ಉಳಿಯಲಿ. ಆಗಲೂ ಅಸಂಗತವಾಗಿದ್ದರೆ ದೋಷ ಮಾದರಿಯಲ್ಲೇ ಇದೆ. ಸರಿಯಾದರೆ ದೋಷ ಇರುವುದು ದತ್ತಾಂಶ ಮತ್ತು ಮಾದರಿ ಕೂಡುವ ಜಾಗದಲ್ಲಿ. ನಂತರ ಇಂಪೋರ್ಟ್‌ಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡುತ್ತ ಓಡಿಸಿ. ಹದಿನಾರು ಇದ್ದರೂ ನಾಲ್ಕೈದು ಸುತ್ತಿನಲ್ಲಿ ಶಂಕಿತ ಕಡತ ಕೈಗೆ ಸಿಗುತ್ತದೆ. ಎರಡು ಆಂಟಾಲಜಿ ಪ್ರತ್ಯೇಕವಾಗಿ ಸರಿಯಾಗಿದ್ದು ಒಟ್ಟಿಗೆ ಮಾತ್ರ ಕಚ್ಚಾಡುವುದೂ ಇದೆ, ಅದಕ್ಕಾಗಿ ಜೋಡಿಗಳನ್ನೂ ಪರೀಕ್ಷಿಸಬೇಕು.

ಸಮರ್ಥನೆಯನ್ನು ಓದುವುದು

ಈಗ ರೀಸನರ್‌ನಿಂದ ವಿವರಣೆ ಕೇಳಿ. ಪ್ರೊಟೆಜೆ ಇದನ್ನು ಸಣ್ಣ ಸಾಲುಗಳ ಗೊಂಚಲಾಗಿ ಕೊಡುತ್ತದೆ. ಆ ಗೊಂಚಲಿಗೆ ಸಮರ್ಥನೆ ಎನ್ನೋಣ. ತೊಂದರೆ ಹುಟ್ಟಲು ಸಾಕಾಗುವಷ್ಟು ಸಾಲುಗಳು ಮಾತ್ರ ಅದರಲ್ಲಿ ಇರುತ್ತವೆ, ಒಂದನ್ನು ತೆಗೆದರೂ ಆ ಗೊಂಚಲು ಬಿಚ್ಚಿಕೊಳ್ಳುತ್ತದೆ. ನಮಗೆ ಸಿಕ್ಕಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಿತ್ತು (ಇ ಎಂದು ಶುರುವಾಗುವುದು ಸಿಆರ್‌ಎಂನ ವರ್ಗ, ಪಿ ಎಂದು ಶುರುವಾಗುವುದು ಪ್ರಾಪರ್ಟಿ):

ಹಲ್ಮಿಡಿ ಶಾಸನವು ಇ34ಕ್ಕೆ ಸೇರಿದ್ದು.
ಇ34 ಆದದ್ದೆಲ್ಲ ಇ33, ಇ33 ಆದದ್ದೆಲ್ಲ ಇ73, ಇ73 ಆದದ್ದೆಲ್ಲ ಇ90, ಇ90 ಆದದ್ದೆಲ್ಲ ಇ28.
ಹಲ್ಮಿಡಿ ಶಾಸನ, ಪಿ45, ಕಲ್ಲು.
ಪಿ45ರ ಡೊಮೇನ್ ಇ18.
ಇ18 ಮತ್ತು ಇ28 ವಿಯುಕ್ತ.

ಸಿಆರ್‌ಎಂನಲ್ಲಿ ಇ18 ಎಂದರೆ ಭೌತಿಕ ವಸ್ತು, ಇ28 ಎಂದರೆ ಮನಸ್ಸಿನ ಸೃಷ್ಟಿ, ಅಂದರೆ ಪಠ್ಯ, ವಿಚಾರ, ಚಿಹ್ನೆಗಳಂಥದ್ದು. ಪಿ45 ಎಂದರೆ 'ಇಂಥ ಪದಾರ್ಥದಿಂದ ಆಗಿದೆ'. ಶಾಲೆಯ ಗಣಿತದ ವಿಯುಕ್ತ ಗಣಗಳಂತೆ ಇ18ರಲ್ಲಿ ಇರುವುದು ಇ28ರಲ್ಲಿ ಇರುವಂತಿಲ್ಲ. ಇ34ರ ಇಂಗ್ಲಿಷ್ ಹೆಸರು ನೋಡಿದವರು ಯಾರಾದರೂ ಅದನ್ನು 'ಶಾಸನ' ಎಂದೇ ಓದುತ್ತಾರೆ. ನಾವೂ ಹಾಗೆಯೇ ಓದಿದೆವು. ಅದರ ವ್ಯಾಖ್ಯಾನ ಓದಿದ್ದರೆ ತಿಳಿಯುತ್ತಿತ್ತು: ಅದು ಕಲ್ಲಲ್ಲ, ಕಲ್ಲಿನ ಮೇಲಿನ ಬರಹ.

ಕನ್ನಡದಲ್ಲಿ ಶಾಸನ ಎಂಬ ಒಂದೇ ಮಾತು ಎರಡನ್ನೂ ಹೊತ್ತಿದೆ. 'ಶಾಸನ ಬಿದ್ದುಹೋಗಿದೆ' ಎಂದಾಗ ಕಲ್ಲು. 'ಶಾಸನದಲ್ಲಿ ಕದಂಬರ ಹೆಸರು ಬರುತ್ತದೆ' ಎಂದಾಗ ಬರಹ. ಆಡುವಾಗ ಯಾರಿಗೂ ಗೊಂದಲವಿಲ್ಲ, ಯಂತ್ರಕ್ಕೆ ಮಾತ್ರ ಹೇಳಲೇಬೇಕು. ಈ ವ್ಯತ್ಯಾಸ ಬರಿಯ ಪಾಂಡಿತ್ಯದ ಕಸರತ್ತಲ್ಲ. ಬಿ. ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸಾವಿರಾರು ಶಾಸನಗಳ ಬರಹ ಅಚ್ಚಾಗಿದೆ. ಕಲ್ಲು ಊರಲ್ಲಿದೆ, ಬರಹ ಕಲ್ಲಿನಲ್ಲೂ ಪುಸ್ತಕದಲ್ಲೂ ಕಾಗದದ ಅಚ್ಚಿನಲ್ಲೂ ಇದೆ. ಕಲ್ಲು ನಾಳೆ ಒಡೆದರೂ ಬರಹ ಉಳಿಯುತ್ತದೆ. ಈ ಎರಡಕ್ಕೂ ಒಂದೇ ಗುರುತು ಕೊಟ್ಟರೆ 'ನಾಶವಾದ ಶಾಸನಗಳು' ಎಂಬ ಪಟ್ಟಿ ತೆಗೆಯಲು ಎಂದಿಗೂ ಆಗದು.

ಪರಿಹಾರ ಸರಳ. ಕಲ್ಲಿಗೆ ಒಂದು ಗುರುತು, ಅದು ಇ22, ಮನುಷ್ಯ ನಿರ್ಮಿತ ವಸ್ತು. ಬರಹಕ್ಕೆ ಇನ್ನೊಂದು ಗುರುತು, ಅದು ಇ34. ನಡುವೆ 'ಹೊತ್ತಿದೆ' ಎಂಬ ಪಿ128ರ ಕೊಂಡಿ. ಪದಾರ್ಥ ಮತ್ತು ಇರುವ ಜಾಗ ಕಲ್ಲಿಗೆ. ಭಾಷೆ ಮತ್ತು ಅನುವಾದ ಬರಹಕ್ಕೆ.

ಇಲ್ಲಿ ಆತುರದವರು ಮಾಡುವ ತಪ್ಪೊಂದಿದೆ: ಸಮರ್ಥನೆಯ ಕೊನೆಯ ಸಾಲನ್ನು, ಅಂದರೆ ವಿಯುಕ್ತ ಎಂಬ ನಿಯಮವನ್ನು ಅಳಿಸಿಬಿಡುವುದು. ಸಂದೇಶ ಮಾಯವಾಗುತ್ತದೆ, ದೋಷ ಹಾಗೆಯೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ದಯವಿಟ್ಟು ಹಾಗೆ ಮಾಡಬೇಡಿ. ನಿಜ ಹೇಳಬೇಕೆಂದರೆ ಆ ಸಾಲು ನಮ್ಮ ಕಡತದಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚಾಗಿತ್ತು. ಸಿಆರ್‌ಎಂ ದಸ್ತಾವೇಜು ಇ18 ಮತ್ತು ಇ28 ವಿಯುಕ್ತ ಎಂದು ಮಾತಿನಲ್ಲಿ ಹೇಳುತ್ತದೆ. ಆದರೆ ಔಲ್‌ಗಿಂತ ಸರಳವಾದ ಆರ್‌ಡಿಎಫ್ ಸ್ಕೀಮಾ ಭಾಷೆಯಲ್ಲಿ ವಿಯುಕ್ತ ಎಂದು ಬರೆಯುವ ಸೌಲಭ್ಯವೇ ಇಲ್ಲ. ಆ ಭಾಷೆಯ ಕಡತವನ್ನಷ್ಟೇ ತಂದುಕೊಂಡವರಿಗೆ ಈ ದೋಷ ಎಂದೂ ಕಾಣುವುದಿಲ್ಲ. ದಸ್ತಾವೇಜು ಓದಿದ ಗೆಳೆಯರೊಬ್ಬರು ಆ ಒಂದು ಸಾಲನ್ನು ಔಲ್‌ನಲ್ಲಿ ಸೇರಿಸಿದ್ದರಿಂದ ನಾವು ಬಚಾವಾದೆವು. ಎರವಲು ಮಾದರಿಯ ಮಾತಿನ ವಿವರಣೆಯಲ್ಲಿ ಇಂಥ ನಿಯಮ ಕಂಡರೆ ನೀವೇ ಬರೆದು ಸೇರಿಸಿ, ಅದು ನಿಮ್ಮ ಕಾವಲು.

ಒಂದು ಸಮರ್ಥನೆ ಬಿಡಿಸಿದ ಮೇಲೂ ಕೆಂಪು ಹೋಗದಿದ್ದರೆ ಗಾಬರಿ ಬೇಡ. ಒಂದೇ ದೋಷಕ್ಕೆ ಹಲವು ಸಮರ್ಥನೆಗಳು ಇರಬಹುದು. ಮತ್ತೆ ಓಡಿಸಿ, ಮತ್ತೆ ಕೇಳಿ. ಕೆಂಪಾದ ವರ್ಗಗಳು ಹತ್ತಾರು ಇದ್ದರೆ ಮೇಲ್ವರ್ಗದಿಂದ ಶುರು ಮಾಡಿ, ಒಂದು ಮೇಲ್ವರ್ಗ ಖಾಲಿಯಾದರೆ ಅದರ ಮಕ್ಕಳೆಲ್ಲ ಖಾಲಿ.

ಸದ್ದಿಲ್ಲದ ದೋಷ: ಬಾದಾಮಿಯ ಬಂಡೆ

ಹಲ್ಮಿಡಿ ಸರಿಹೋದ ಮೇಲೆ ಕಪ್ಪೆ ಅರಭಟ್ಟನ ಶಾಸನ ಸೇರಿಸಿದೆವು. ತ್ರಿಪದಿಯ ಹಳೆಯ ಮಾದರಿ ಎಂದು ಕನ್ನಡಿಗರೆಲ್ಲ ಕೇಳಿರುವ ಆ ಸಾಲುಗಳು ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ ಕೊರೆದಿವೆ. ಜಾಗ ಹೇಳಲು ಪಿ55 ಬಳಸಿದೆವು, 'ಈಗ ಇರುವ ಸ್ಥಳ' ಎಂದು ಅದರ ಅರ್ಥ. ರೀಸನರ್ ಏನೂ ಗೊಣಗಲಿಲ್ಲ. ಆದರೆ ಒಂದು ವಾರದ ನಂತರ ಸ್ಥಳಾಂತರ ಮಾಡಬಹುದಾದ ಶಾಸನಗಳ ಪಟ್ಟಿ ತೆಗೆದಾಗ ಬಾದಾಮಿಯ ಬೆಟ್ಟವೂ ಅದರಲ್ಲಿ ಇತ್ತು!

ಕಾರಣ ಡೊಮೇನ್. ದತ್ತಸಂಚಯದ ಕೆಲಸ ಮಾಡಿ ಬಂದವರು ಡೊಮೇನ್ ಎಂದರೆ ಕಾವಲುಗಾರ, ತಪ್ಪು ವಸ್ತು ಬಂದರೆ ತಡೆಯುತ್ತಾನೆ ಎಂದುಕೊಳ್ಳುತ್ತಾರೆ. ಔಲ್‌ನಲ್ಲಿ ಡೊಮೇನ್ ತಡೆಯುವುದಿಲ್ಲ, ತೀರ್ಮಾನಿಸುತ್ತದೆ. ಪಿ55ರ ಡೊಮೇನ್ ಇ19, ಅಂದರೆ ತನ್ನಷ್ಟಕ್ಕೆ ಬಿಡಿಯಾಗಿ ನಿಲ್ಲುವ ಭೌತಿಕ ವಸ್ತು. ಆ ಪ್ರಾಪರ್ಟಿ ಬಳಸಿದ್ದೇ ತಡ, ಬಂಡೆಯ ಮೇಲಿನ ಕೆತ್ತನೆ ಬಿಡಿ ವಸ್ತುವಾಯಿತು. ಬಂಡೆಯಿಂದ ಬೇರ್ಪಡಿಸಲಾಗದ ಕೆತ್ತನೆಗೆ ಸಿಆರ್‌ಎಂನಲ್ಲಿ ಇ25 ಇದೆ. ಜಾಗಕ್ಕೆ ಪಿ53 ಇದೆ, ಅದರ ಡೊಮೇನ್ ಎಲ್ಲ ಭೌತಿಕ ವಸ್ತುಗಳನ್ನೂ ಒಳಗೊಂಡ ಇ18. ಬದಲಿಸಿದ ಕೂಡಲೇ ಬೆಟ್ಟ ಪಟ್ಟಿಯಿಂದ ಹೊರಬಿತ್ತು.

ಇಂಥದ್ದನ್ನು ಹಿಡಿಯುವ ಉಪಾಯ: ರೀಸನರ್ ಓಡಿಸುವ ಮೊದಲು ಮತ್ತು ನಂತರ ಒಂದೊಂದು ವಸ್ತು ಯಾವ ಯಾವ ವರ್ಗಕ್ಕೆ ಸೇರಿದೆ ಎಂಬ ಪಟ್ಟಿ ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿ ಇಡಿ. ಹೊಸದಾಗಿ ಸೇರಿದ ಸಾಲುಗಳನ್ನು ಕಣ್ಣಿಟ್ಟು ಓದಿ. ಬೇಸರದ ಕೆಲಸ, ಆದರೆ ಇದಕ್ಕಿಂತ ಹೆಚ್ಚು ದೋಷ ಹಿಡಿದುಕೊಟ್ಟ ಕೆಲಸ ನನಗೆ ಬೇರೆ ಗೊತ್ತಿಲ್ಲ. ಒಂದು ಪ್ರಾಪರ್ಟಿಗೆ ಎರಡು ಡೊಮೇನ್ ಬರೆದಿದ್ದರೆ 'ಇದು ಅಥವಾ ಅದು' ಅಲ್ಲ, 'ಇದೂ ಹೌದು ಅದೂ ಹೌದು' ಎಂದಾಗುತ್ತದೆ ಎಂಬುದನ್ನೂ ನೆನಪಿಡಿ. ಇದನ್ನು ತಪ್ಪಿಸಲೆಂದೇ ವೆಬ್ ಪುಟಗಳ ಮಾಹಿತಿಗೆ ಬಳಸುವ ಸ್ಕೀಮಾ ಡಾಟ್ ಆರ್ಗ್ ಮಾದರಿ ತನ್ನದೇ ಸಡಿಲ ಡೊಮೇನ್ ಪದವನ್ನು ಬಳಸುತ್ತದೆ. ಅದರಿಂದ ರೀಸನರ್ ಏನನ್ನೂ ತೀರ್ಮಾನಿಸುವುದಿಲ್ಲ.

ನಿಜಕ್ಕೂ ತಡೆಯುವ ಕಾವಲು ಬೇಕಿದ್ದರೆ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ 2017ರಲ್ಲಿ ಶಿಫಾರಸು ಮಾಡಿದ, ದತ್ತಾಂಶ ಪರೀಕ್ಷಿಸುವ ಶ್ಯಾಕಲ್ ಭಾಷೆ ಬಳಸಿ. ಪ್ರತಿ ಕಲ್ಲಿಗೂ ಊರು ಇರಲೇಬೇಕು ಎಂಬಂಥ ನಿಯಮ ಅಲ್ಲಿ ಬರೆಯುವುದು. ಔಲ್‌ನಲ್ಲಿ ಹಾಗೆ ಬರೆದರೆ ಊರು ಇಲ್ಲದ ಕಲ್ಲಿಗೆ 'ಎಲ್ಲೋ ಒಂದು ಊರು ಇದೆ, ಇನ್ನೂ ಹೇಳಿಲ್ಲ' ಎಂದು ರೀಸನರ್ ಸಮಾಧಾನ ಮಾಡಿಕೊಳ್ಳುತ್ತದೆ.

ಎರಡು ಶಾಸನ ಒಂದಾಗಿಬಿಟ್ಟಾಗ

ಬೇರೆ ಬೇರೆ ಊರಿನ ಎರಡು ಕಲ್ಲು ಒಂದೇ ಎಂದು ರೀಸನರ್ ಹೇಳಿದರೆ ಕೀಲಿಗಳನ್ನು, ಅಂದರೆ ವಸ್ತುವನ್ನು ಗುರುತಿಸಲು ಬಳಸುವ ವಿವರಗಳನ್ನು, ನೋಡಿ. ಶಾಸನಗಳನ್ನು ಸಂಪುಟ, ತಾಲ್ಲೂಕು, ಸಂಖ್ಯೆಯಿಂದ ಗುರುತಿಸುವುದು ರೂಢಿ. ನಾವು ಸಂಪುಟ ಮತ್ತು ಸಂಖ್ಯೆಯನ್ನು ಸೇರಿಸಿ ಕೀಲಿ ಎಂದು ಘೋಷಿಸಿದ್ದೆವು. ರೈಸ್ ಅವರ ಕಾಲದ ಸಂಪುಟಗಳ ಜೋಡಣೆಯೇ ಬೇರೆ, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯ ಜೋಡಣೆಯೇ ಬೇರೆ. ಎರಡೂ ಕಡೆಯಿಂದ ಬಂದ ದಾಖಲೆಗಳು ಸೇರಿದಾಗ ಒಂದೇ ಸಂಖ್ಯೆಯ ಎರಡು ಕಲ್ಲುಗಳು ಒಂದಾದವು. ಎರಡು ಹೆಸರು ಎಂದರೆ ಎರಡು ವಸ್ತು ಎಂದು ಔಲ್ ಭಾವಿಸುವುದಿಲ್ಲ. ಕೀಲಿ ಕೂಡಿದರೆ ಗೊಣಗದೇ ಒಂದು ಮಾಡುತ್ತದೆ. ತಾಲ್ಲೂಕನ್ನೂ ಆವೃತ್ತಿಯನ್ನೂ ಕೀಲಿಯೊಳಗೆ ಸೇರಿಸಿ ಸರಿಪಡಿಸಿದೆವು.

ಎರವಲು ಮಾದರಿಯಲ್ಲಿ ಇಂಥ ಕೀಲಿ ಅಡಗಿರುವುದೂ ಇದೆ. ಜನರ ವಿವರ ಬರೆಯಲು ಬಳಸುವ ಫೋಫ್ ಮಾದರಿಯಲ್ಲಿ ಇಮೇಲ್ ವಿಳಾಸದ ಪ್ರಾಪರ್ಟಿ ವಿಳಾಸವೊಂದು ಒಬ್ಬರದೇ ಎಂದು ಘೋಷಿತವಾಗಿದೆ. ಒಂದು ಕಚೇರಿಯ ಇಮೇಲನ್ನು ಇಬ್ಬರು ಲಿಪಿತಜ್ಞರಿಗೂ ಬರೆದರೆ ಇಬ್ಬರೂ ಒಬ್ಬರಾಗುತ್ತಾರೆ. ಆ ವಿಳಾಸವನ್ನು ಕಚೇರಿಗೂ ಬರೆದರೆ ಇನ್ನೂ ಕೆಟ್ಟದ್ದು: ಫೋಫ್‌ನಲ್ಲಿ ವ್ಯಕ್ತಿ ಮತ್ತು ಸಂಸ್ಥೆ ವಿಯುಕ್ತ, ಕೂಡಲೇ ಅಸಂಗತ.

ಒಂದೇ ಬೆಲೆ ಇರಬೇಕು ಎಂಬ ನಿಯಮವೂ ಇದೇ ಕುಟುಂಬದ್ದು. ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. ಸುಮಾರು 450ರದು ಎನ್ನುತ್ತಾರೆ, ಬೇರೆ ಕಾಲ ಸೂಚಿಸಿದ ವಿದ್ವಾಂಸರೂ ಇದ್ದಾರೆ. ಕಾಲದ ಪ್ರಾಪರ್ಟಿಗೆ ಒಂದೇ ಬೆಲೆ ಎಂದು ಬರೆದು ಎರಡು ವರ್ಷ ತುಂಬಿದರೆ ಕಡತ ಅಸಂಗತವಾಗುತ್ತದೆ. ತಪ್ಪು ವಿದ್ವಾಂಸರದಲ್ಲ, ಅವರ ಭಿನ್ನಾಭಿಪ್ರಾಯಕ್ಕೆ ಜಾಗ ಇಡದ ಮಾದರಿಯದು. ಇಂಥ ಕಡೆ ಸಿಆರ್‌ಎಂನ ಇ13 ಉಪಯೋಗಕ್ಕೆ ಬರುತ್ತದೆ. ಯಾರು, ಯಾವುದಕ್ಕೆ, ಏನೆಂದು ಹೇಳಿದರು ಎಂಬುದನ್ನೇ ಒಂದು ಘಟನೆಯಾಗಿ ದಾಖಲಿಸಬಹುದು. ಇತಿಹಾಸದ ಕೆಲಸಕ್ಕೆ ಇದಕ್ಕಿಂತ ಗೌರವದ ದಾರಿ ಇಲ್ಲ.

ಪದಕೋಶವನ್ನು ವರ್ಗವೃಕ್ಷ ಮಾಡಬೇಡಿ

ವಿಷಯ ಶೀರ್ಷಿಕೆಗಳ ಪದಕೋಶವನ್ನು ಆಂಟಾಲಜಿಗೆ ತರುವಾಗ 'ಇದಕ್ಕಿಂತ ವಿಶಾಲ' ಎಂಬ ಸಂಬಂಧವನ್ನು ಉಪವರ್ಗ ಎಂದು ಬದಲಿಸುವ ಅಭ್ಯಾಸವಿದೆ. ಹೊಯ್ಸಳರು ಎಂಬ ಶೀರ್ಷಿಕೆಯ ಕೆಳಗೆ ಬೇಲೂರು ಇದೆ ಎಂದುಕೊಳ್ಳಿ. ಉಪವರ್ಗ ಮಾಡಿದರೆ ಬೇಲೂರು ಒಬ್ಬ ಹೊಯ್ಸಳನಾಗುತ್ತದೆ. ಓದುಗನಿಗೆ ದಾರಿ ತೋರಲು ಮಾಡಿದ ಏಣಿ ಬೇರೆ, ತರ್ಕದ ಏಣಿ ಬೇರೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟಿಸಿದಾಗಲೇ ವಿಷಯವೊಂದರ ಮುಖಗಳನ್ನು, ಅಂದರೆ ದೇಶ, ಕಾಲ, ಪದಾರ್ಥ ಇತ್ಯಾದಿಗಳನ್ನು ಬಿಡಿಬಿಡಿಯಾಗಿ ಇಡುವುದನ್ನು ತೋರಿಸಿದ್ದರು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನಾ ಮತ್ತು ತರಬೇತಿ ಕೇಂದ್ರ, ನಮ್ಮವರೆಲ್ಲ ಡಿಆರ್‌ಟಿಸಿ ಎಂದು ಕರೆಯುವುದು, ಇಂದಿಗೂ ಈ ವಿದ್ಯೆ ಕಲಿಸುತ್ತಿದೆ. ಆ ಬಿಡಿಸುವ ಬುದ್ಧಿಯೇ ಇಲ್ಲಿ ಬೇಕು.

ಪದಕೋಶವನ್ನು, ಪದಕೋಶಗಳಿಗೆಂದೇ ಇರುವ ಸ್ಕಾಸ್ ಮಾದರಿಯಲ್ಲೇ ಇಟ್ಟು ಶಾಸನದಿಂದ ಅದಕ್ಕೆ 'ವಿಷಯ' ಎಂಬ ಕೊಂಡಿ ಹಾಕಿ. ಎರಡು ಪದಕೋಶಗಳ ಪದ ಹೊಂದಿಸುವಾಗಲೂ ಔಲ್‌ನ 'ಇದೇ ಅದು' ಬೇಡ. ಅದು ಒಂದರ ಎಲ್ಲ ಮಾತನ್ನೂ ಇನ್ನೊಂದಕ್ಕೆ ಹೊರಿಸುತ್ತದೆ, ಪದವನ್ನು ಸೃಷ್ಟಿಸಿದ ದಿನಾಂಕವನ್ನೂ ಕೂಡ. ಸ್ಕಾಸ್‌ನ 'ಸಮೀಪದ ಹೊಂದಿಕೆ' ಮತ್ತು 'ನಿಖರ ಹೊಂದಿಕೆ' ಇದಕ್ಕೆಂದೇ ಇವೆ. ನಿಖರ ಹೊಂದಿಕೆ ಸರಪಳಿಯಾಗಿ ಮುಂದುವರಿಯುತ್ತದೆ, ಸಮೀಪದ್ದು ಮುಂದುವರಿಯುವುದಿಲ್ಲ. ಅನುಮಾನವಿದ್ದರೆ ಸಮೀಪದ್ದನ್ನೇ ಆರಿಸಿ.

ಪ್ರಶ್ನೆಗೆ ಉತ್ತರವೇ ಬರದಿದ್ದರೆ

ಹತ್ತರಲ್ಲಿ ಎಂಟು ಸಲ ವಿಳಾಸದ, ಅಂದರೆ ವರ್ಗ ಮತ್ತು ಪ್ರಾಪರ್ಟಿಗಳಿಗೆ ಹೆಸರಾಗಿ ಕೊಟ್ಟ ವೆಬ್ ವಿಳಾಸದ, ತಪ್ಪು. ಶೀರ್ಷಿಕೆ, ಕರ್ತೃ ಮುಂತಾದ ವಿವರ ಬರೆಯುವ ಡಬ್ಲಿನ್ ಕೋರ್ ಮಾದರಿಯ 15 ಮೂಲ ಅಂಶಗಳು ಹಳೆಯ ವಿಳಾಸದಲ್ಲೂ ಇವೆ, ಅದೇ ಹೆಸರಿನಲ್ಲಿ ಹೊಸ ವಿಳಾಸದಲ್ಲೂ ಇವೆ. ಹೊಸ 'ಕರ್ತೃ' ಹಳೆಯದರ ಉಪಪ್ರಾಪರ್ಟಿ. ರೀಸನರ್ ಚಾಲೂ ಇದ್ದರೆ ಹಳೆಯದನ್ನು ಕೇಳಿದಾಗ ಎರಡೂ ಬರುತ್ತವೆ, ಇಲ್ಲದಿದ್ದರೆ ಒಂದೇ. ಸ್ಕೀಮಾ ಡಾಟ್ ಆರ್ಗ್‌ನ ವಿಳಾಸ ಎಚ್‌ಟಿಟಿಪಿ ಎಂದು ಒಂದು ಕಡತದಲ್ಲಿ, ಎಚ್‌ಟಿಟಿಪಿಎಸ್ ಎಂದು ಇನ್ನೊಂದರಲ್ಲಿ ಇದ್ದರೆ ಬ್ರೌಸರಿಗೆ ಎರಡೂ ಒಂದೇ ಪುಟ, ಆರ್‌ಡಿಎಫ್‌ಗೆ ಎರಡು ಬೇರೆ ಹೆಸರು. ಸಿಆರ್‌ಎಂನ ಇ22ರ ಹೆಸರಿನಲ್ಲಿದ್ದ 'ಪುರುಷ ನಿರ್ಮಿತ' ಎಂಬರ್ಥದ ಇಂಗ್ಲಿಷ್ ಪದ ಹೊಸ ಆವೃತ್ತಿಯಲ್ಲಿ 'ಮನುಷ್ಯ ನಿರ್ಮಿತ' ಆಯಿತು. ಬದಲಾವಣೆ ಸರಿಯಾದದ್ದೇ. ಆದರೆ ಆ ಪದ ವಿಳಾಸದ ಭಾಗವೂ ಆಗಿದ್ದರಿಂದ ಹಳೆಯ ದತ್ತಾಂಶ ಮತ್ತು ಹೊಸ ಪ್ರಶ್ನೆ ಒಂದನ್ನೊಂದು ಗುರುತಿಸಲಿಲ್ಲ.

ಪರೀಕ್ಷೆ ಸುಲಭ. ಕಡತದಲ್ಲಿ ಬಳಕೆಯಾದ ಪ್ರಾಪರ್ಟಿಗಳ ಪೂರ್ಣ ವಿಳಾಸಗಳನ್ನು ಎಣಿಕೆ ಸಮೇತ ಪಟ್ಟಿ ಮಾಡುವ ಒಂದು ಸ್ಪಾರ್ಕಲ್ ಪ್ರಶ್ನೆ ಬರೆದಿಟ್ಟುಕೊಳ್ಳಿ. ಒಂದೇ ಬಾಲ, ಎರಡು ತಲೆ ಇರುವ ಜೋಡಿಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಇಂಪೋರ್ಟ್ ಮಾಡುವಾಗ ಆವೃತ್ತಿಯ ವಿಳಾಸವನ್ನೇ ಕೊಟ್ಟು, ಕಡತದ ಪ್ರತಿಯನ್ನು ನಿಮ್ಮ ಬಳಿಯೇ ಇಡಿ.

ಬೇಕಾದಷ್ಟನ್ನೇ ತರುವುದು

ನೂರಾರು ವರ್ಗಗಳಲ್ಲಿ ನಿಮಗೆ ಬೇಕಾದದ್ದು ಇಪ್ಪತ್ತೇ ಆದರೆ ರೋಬೋಟ್ ಎಂಬ ಉಪಕರಣದಿಂದ ಭಾಗವನ್ನು ಮಾತ್ರ ಕತ್ತರಿಸಿ ತರಬಹುದು. ಮಿರಿಯಟ್ ವಿಧಾನ ಪದ ಮತ್ತು ಅದರ ಮೇಲ್ವರ್ಗಗಳನ್ನಷ್ಟೇ ತರುತ್ತದೆ, ತೀರ್ಮಾನಗಳಿಗೆ ಬೇಕಾದ ನಿಯಮಗಳು ಹಿಂದೆಯೇ ಉಳಿಯಬಹುದು. ಸ್ಟಾರ್, ಬಾಟ್, ಟಾಪ್ ಎಂಬ ವಿಧಾನಗಳು ಕೊಟ್ಟ ಪದಗಳ ನಡುವಿನ ತೀರ್ಮಾನಗಳು ಕೆಡದಂತೆ ನಿಯಮಗಳನ್ನೂ ತರುತ್ತವೆ. ಮಿರಿಯಟ್‌ನಿಂದ ತಂದ ಮೇಲೆ ದೋಷ ಮಾಯವಾಯಿತು ಎಂದು ಯಾರಾದರೂ ಹೇಳಿದರೆ, ವಿಯುಕ್ತ ನಿಯಮ ಹಿಂದೆ ಉಳಿದಿದೆಯೇ ಎಂದು ನಾನು ಮೊದಲು ನೋಡುತ್ತೇನೆ.

ಈಗ ನಮ್ಮ ಕಡತದಲ್ಲಿ ತಾಮ್ರಪಟಗಳ ಸರದಿ. ಹಲವು ಹಲಗೆಗಳು, ಅವನ್ನು ಪೋಣಿಸಿದ ಬಳೆ, ಬಳೆಯ ಮೇಲೆ ಮುದ್ರೆ, ಎಲ್ಲ ಹಲಗೆಗಳ ಮೇಲೆ ಹರಿದು ಹೋಗುವ ಒಂದೇ ಬರಹ. ಹಲಗೆಗಳೂ ಬಳೆಯೂ ಪಿ46ರಿಂದ ಇಡೀ ಕಟ್ಟಿನ ಭಾಗಗಳಾಗಿವೆ, ಪಿ128 ಕಟ್ಟಿನಿಂದ ಹೊರಡುತ್ತದೆ. ಒಂದು ಹಲಗೆ ಕಳೆದುಹೋದ ಕಟ್ಟನ್ನು ಬೇಕೆಂದೇ ಪರೀಕ್ಷೆಗೆ ಸೇರಿಸಿದ್ದೇವೆ. ಹರ್ಮಿಟ್ ಇನ್ನೂ ಓಡುತ್ತಿದೆ.